ಬ್ಯಾಟರಿ ಬಿಚ್ಚಿ ಇಡುವುದು ರಿಪೇರಿ ಅಲ್ಲ ಮಾರಾಯ್ರೇ

ಮೂರು ದಿನದಿಂದ ಹೊಟ್ಟೆ ಉರಿಯುತ್ತಿದೆ. ಯಾರ ಹತ್ತಿರವಾದರೂ ಹೇಳಿಕೊಳ್ಳದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ.

ಕಳೆದ ವಾರ ಶಾಲೆ ಬಿಟ್ಟು ಬದಿಯಡ್ಕಕ್ಕೆ ಬರುವಾಗ ಕಾರಿನ ಚೆಕ್ ಎಂಜಿನ್ ಲೈಟ್, ಅಂದರೆ ಎಂಜಿನ್‌ನಲ್ಲಿ ಏನೋ ತಪ್ಪಿದೆ ಎಂದು ಎಚ್ಚರಿಸುವ ದೀಪ, ಹತ್ತಿತು. 2014ರ ಪೆಟ್ರೋಲ್ ಕಾರು, 80 ಸಾವಿರ ಕಿಲೋಮೀಟರ್ ದಾಟಿದೆ. ಇಷ್ಟು ವರ್ಷದಲ್ಲಿ ಆ ಹಳದಿ ಲೈಟ್ ನೋಡಿದ್ದು ಅದೇ ಮೊದಲು. ದಾರಿಯಲ್ಲಿ ಸಿಕ್ಕಿದ ಗ್ಯಾರೇಜಿಗೆ ಹೋದೆ. ಅಲ್ಲಿಯ ಹುಡುಗ ಕಾರಿನ ಕಂಪ್ಯೂಟರ್‌ನಲ್ಲಿ ಯಾವ ತಪ್ಪು ದಾಖಲಾಗಿದೆ ಎಂದು ಓದುವ ಸ್ಕ್ಯಾನರ್ ಕೈಯಲ್ಲಿ ಹಿಡಿಯಲೇ ಇಲ್ಲ. ಬಾನೆಟ್ ಎತ್ತಿದ. 10ರ ಸ್ಪ್ಯಾನರ್ ಹಾಕಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿದ. ಒಂದು ಚಿಂದಿ ಬಟ್ಟೆ ಸುತ್ತಿ ಬದಿಗೆ ತಳ್ಳಿದ. “ಕಂಪ್ಯೂಟರ್ ಹ್ಯಾಂಗ್ ಆದದ್ದು ಮಾಷೇ. ಒಂದು ಚಾಯ ಕುಡಿದು ಬನ್ನಿ, ಸರಿ ಆಗ್ತದೆ” ಎಂದ. ಇಪ್ಪತ್ತು ನಿಮಿಷ ಕಳೆದು ಜೋಡಿಸಿದ. ಲೈಟ್ ಇರಲಿಲ್ಲ. 600 ರೂಪಾಯಿ ತೆಗೆದುಕೊಂಡ.

ಮರುದಿನ ಅಮ್ಮನ ಕಣ್ಣು ತೋರಿಸಲು ಮಂಗಳೂರಿಗೆ ಹೋಗಬೇಕಿತ್ತು. ಆಟಿಯ ಮಳೆ, ಎದುರಿನ ಗಾಡಿ ಕಾಣುವುದಿಲ್ಲ. ಕುಂಬಳೆಯಲ್ಲಿ ಬ್ರೇಕ್ ಹಾಕಿ ನಿಲ್ಲಿಸಿದ್ದೇ ತಡ, ಎಂಜಿನ್ ತಿರುಗುವ ವೇಗ ತೋರಿಸುವ ಆರ್‌ಪಿಎಂ ಮುಳ್ಳು ಕೆಳಗೆ ಬಿತ್ತು, ಎಂಜಿನ್ ಆಫ್. ಮತ್ತೆ ಸ್ಟಾರ್ಟ್ ಮಾಡಿದೆ. ಹೆದ್ದಾರಿಯಲ್ಲಿ ಓಡುವಾಗ ತೊಂದರೆ ಇಲ್ಲ, ನಿಲ್ಲಿಸಿದರೆ ಮಾತ್ರ ಸಾಯುತ್ತದೆ. ಎಸಿ ಹಾಕಿದರೆ ಇನ್ನೂ ಬೇಗ. ತಲಪಾಡಿ ಟೋಲಿನ ಸಾಲಿನಲ್ಲಿ ಮೂರು ಸಲ ನಿಂತಿತು. ಹಿಂದಿನ ಬಸ್ಸಿನವನು ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ. ಟೋಲಿನವರು ಓಡಿ ಬಂದರು, ಗ್ಲಾಸ್ ಇಳಿಸಿದೆ. ಮೊದಲೆಲ್ಲ ಒಮ್ಮೆ ಸ್ವಿಚ್ ಎಳೆದು ಬಿಟ್ಟರೆ ತಾನೇ ಮೇಲೇರುತ್ತಿದ್ದ ಗ್ಲಾಸ್ ಅವತ್ತು ಏರಲೇ ಇಲ್ಲ. ಒಂದು ಕೈಯಲ್ಲಿ ಸ್ವಿಚ್ ಎಳೆದು ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಚಾವಿ ತಿರುಗಿಸಬೇಕು. ಬಲದ ತೋಳು ಪೂರ್ತಿ ಒದ್ದೆ. ಅಮ್ಮ ಡ್ಯಾಶ್‌ಬೋರ್ಡ್ ಗಟ್ಟಿ ಹಿಡಿದು ಕೂತಿದ್ದರು. “ವಾಪಸ್ ಹೋಗುವ ಮಗಾ, ಕಣ್ಣು ಇನ್ನೊಂದು ದಿನ ತೋರಿಸುವ” ಎಂದರು. 74 ವರ್ಷದ ಹೆಂಗಸು ಹಾಗೆ ಹೇಳುವಂತೆ ಮಾಡಿದ್ದು ಆ ಇಪ್ಪತ್ತು ನಿಮಿಷದ ಕೆಲಸ.

ವಾಪಸ್ ಬರುವಾಗ ಲೈಟ್ ಮತ್ತೆ ಹತ್ತಿತು! ಸೀದಾ ಉಪ್ಪಳದಲ್ಲಿ ಒಬ್ಬರು ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದೇ “ಬ್ಯಾಟರಿ ಯಾರು ಬಿಚ್ಚಿದ್ದು ಮಾಷೇ?” ಎಂದು. ಗಡಿಯಾರ ತಪ್ಪು ಸಮಯ ತೋರಿಸುತ್ತಿತ್ತು, ಅದನ್ನು ನೋಡಿಯೇ ಗೊತ್ತಾಗಿತ್ತು ಅವರಿಗೆ.

ಏರ್ ಪೈಪ್ ಕಳಚಿ ಥ್ರಾಟಲ್ ಬಾಡಿ ತೋರಿಸಿದರು. ಒಳಗೆ ಬೆರಳು ಆಡಿಸಿದರು, ಬೆರಳ ತುದಿ ಕಪ್ಪು. ಎಂಜಿನ್‌ಗೆ ಗಾಳಿ ಬಿಡುವ ತಟ್ಟೆಯ ಅಂಚಿಗೆ ವರ್ಷವರ್ಷವೂ ಹೀಗೆ ಮಸಿ ಕೂರುತ್ತದೆ, ಸಂದು ಕಿರಿದಾಗುತ್ತದೆ. ಕಾರಿನ ಕಂಪ್ಯೂಟರ್ ಅದನ್ನು ಗಮನಿಸುತ್ತಾ ತಟ್ಟೆಯನ್ನು ಚೂರು ಚೂರೇ ಜಾಸ್ತಿ ತೆರೆದು ಐಡ್ಲಿಂಗ್, ಅಂದರೆ ಗಾಡಿ ನಿಂತಿರುವಾಗ ಎಂಜಿನ್ ಓಡುವುದನ್ನು, ಸರಿ ಇಟ್ಟುಕೊಂಡು ಬಂದಿರುತ್ತದೆ. ಪೆಟ್ರೋಲ್ ಎಷ್ಟು ಬಿಡಬೇಕು ಎಂಬ ಲೆಕ್ಕವೂ ಹಾಗೇ, ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಹೇಳಿದಂತೆ ತಿದ್ದಿ ತಿದ್ದಿ ಇಟ್ಟುಕೊಂಡದ್ದು. ನನ್ನ ಕಾರಿನಂಥ ಹಳೆಯದರಲ್ಲಿ ಇದೆಲ್ಲ ನಿಂತಿರುವುದು ಬ್ಯಾಟರಿಯಿಂದ ಸದಾ ಬರುವ ಸಣ್ಣ ಕರೆಂಟಿನ ಮೇಲೆ. ಟರ್ಮಿನಲ್ ಬಿಚ್ಚಿದರೆ ಎಲ್ಲ ಅಳಿಸಿಹೋಯಿತು, ಗ್ಲಾಸ್ ತಾನೇ ಏರುವುದೂ ರೇಡಿಯೋದಲ್ಲಿ ಹಾಕಿಟ್ಟ ಸ್ಟೇಷನ್‌ಗಳೂ ಸೇರಿ. ಮಸಿ ಅಲ್ಲೇ ಇದೆ, ಕಂಪ್ಯೂಟರ್ ಮಾತ್ರ ಹೊಸ ಕಾರಿನ ಲೆಕ್ಕದಲ್ಲಿ ತಟ್ಟೆ ತೆರೆಯುತ್ತದೆ. ಗಾಳಿ ಸಾಲದು, ಎಂಜಿನ್ ನಿಲ್ಲುತ್ತದೆ. ಅಂದರೆ ಸರಿ ಇದ್ದ ಐಡ್ಲಿಂಗ್ ಹಾಳು ಮಾಡಿಸಿಕೊಳ್ಳಲು ನಾನು ದುಡ್ಡು ಕೊಟ್ಟೆ!

ಲೈಟಿನ ಕಥೆ ಇನ್ನೂ ಕೆಟ್ಟದು. ಸ್ಟೇರಿಂಗ್ ಕೆಳಗಿನ ಸಾಕೆಟ್‌ಗೆ ಸ್ಕ್ಯಾನರ್ ಚುಚ್ಚಿದರು, ಪಿ0135 ಎಂಬ ತಪ್ಪಿನ ಕೋಡ್ ಬಂತು. ಆಕ್ಸಿಜನ್ ಸೆನ್ಸರ್ ಒಳಗಿನ ಹೀಟರ್‌ಗೆ ಕರೆಂಟ್ ಸರಿ ಹೋಗುತ್ತಿಲ್ಲ ಎಂದು ಅರ್ಥ. ಟಾರ್ಚ್ ಹಿಡಿದು ನೋಡಿದರೆ ವಯರನ್ನು ಇಲಿ ಕಡಿದಿದೆ, ತಾಮ್ರದ ಎಳೆಗಳು ಹೊರಗೆ ಕಾಣುತ್ತಿವೆ. ಅಡಿಕೆ ಶೆಡ್‌ನಲ್ಲೇ ಕಾರು ನಿಲ್ಲಿಸುವ ನಮ್ಮ ಕಡೆ ಮಳೆಗಾಲದಲ್ಲಿ ಇಲಿ ವಯರ್ ಕಡಿಯುವುದು ಹೊಸ ವಿಷಯವಾ? ಅದನ್ನಾದರೂ ಬಗ್ಗಿ ನೋಡಬಹುದಿತ್ತಲ್ವಾ? ಇಂಥ ಎಷ್ಟೋ ತಪ್ಪುಗಳಿಗೆ ಕಂಪ್ಯೂಟರ್ ಒಮ್ಮೆಗೇ ಲೈಟ್ ಹಾಕುವುದಿಲ್ಲ. ಎರಡನೇ ಓಡಾಟದಲ್ಲೂ ಅದೇ ತಪ್ಪು ಕಂಡರೆ ಹಾಕುತ್ತದೆ. ನಡುವಿನ ಆ ಒಂದು ಓಡಾಟವನ್ನೇ ಇವರು ರಿಪೇರಿ ಎಂದು ಮಾರುತ್ತಿದ್ದಾರೆ.

ತಪ್ಪು ಆದ ಹೊತ್ತಿಗೆ ಎಂಜಿನ್ ಎಷ್ಟು ಬಿಸಿ ಇತ್ತು, ಆರ್‌ಪಿಎಂ ಎಷ್ಟು, ವೇಗ ಎಷ್ಟು ಎಂದೆಲ್ಲ ಕೋಡ್ ಜೊತೆ ದಾಖಲಾಗಿರುತ್ತದೆ. ಮೆಕ್ಯಾನಿಕ್‌ಗೆ ದಾರಿ ತೋರಿಸುವುದೇ ಅದು. ಓದದೆ ಅಳಿಸಿದರೆ ಮೊದಲ ದಿನ ಇನ್ನೇನಿತ್ತೋ ಯಾರಿಗೂ ಗೊತ್ತಾಗುವುದಿಲ್ಲ. ಹೊಸ ಕಾರುಗಳಲ್ಲಿ ಕೆಲವು ಕೋಡ್ ಬ್ಯಾಟರಿ ಬಿಚ್ಚಿದರೂ ಉಳಿಯುತ್ತವೆ, ಅಲ್ಲಿ ಈ ಆಟ ನಡೆಯದು.

ಬ್ಯಾಟರಿ ಹಾಳಾಗಿ ಬದಲಿಸುವುದು ಬೇರೆ. ಆಗಲೂ ಜೋಡಿಸಿದ ಮೇಲೆ ಸ್ವಲ್ಪ ಹೊತ್ತು ಐಡ್ಲಿಂಗ್‌ನಲ್ಲಿ ಬಿಟ್ಟು, ಎಸಿ ಹಾಕಿ ನೋಡಿ, ಆಮೇಲೆ ಚಾವಿ ಕೊಡಬೇಕು. ಇನ್ನು ಭಾವ ಒಬ್ಬರು ಫೋನಲ್ಲಿ “ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಬಿಚ್ಚಿ ನೋಡು, ಆಲ್ಟರ್ನೇಟರ್ ಸರಿ ಇದೆಯಾ ಗೊತ್ತಾಗ್ತದೆ” ಎಂದರು. ಆಲ್ಟರ್ನೇಟರ್ ಎಂದರೆ ಎಂಜಿನ್ ಓಡುವಾಗ ಕರೆಂಟ್ ಮಾಡಿ ಬ್ಯಾಟರಿ ಚಾರ್ಜ್ ಮಾಡುವ ಭಾಗ. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ. ವೋಲ್ಟೇಜ್ ಒಮ್ಮೆಲೇ ಹಾರಿ ಕಂಪ್ಯೂಟರೇ ಸುಟ್ಟುಹೋಗಬಹುದು. ಹಳೇ ಅಂಬಾಸಿಡರ್ ಕಾಲದ ಪರೀಕ್ಷೆ ಅದು.

ಉಪ್ಪಳದವರು ವಯರ್ ಬೆಸುಗೆ ಹಾಕಿ, ಥ್ರಾಟಲ್ ಬಾಡಿ ತೊಳೆದು, ಸ್ಕ್ಯಾನರ್‌ನಲ್ಲೇ ಐಡ್ಲಿಂಗ್ ಕಲಿಸಿ ಕೊಟ್ಟರು. ಕೋಡ್ ನಂಬರ್ ಬಿಲ್ಲಿನಲ್ಲೇ ಬರೆದರು. ಈಗ ಎಸಿ ಹಾಕಿದರೂ ಮುಳ್ಳು ಅಲುಗುವುದಿಲ್ಲ. ಅಮ್ಮನ ಮಂಗಳೂರು ಆಕಾಶವಾಣಿಯನ್ನೂ ಹುಡುಕಿ ಮೊದಲಿನ ಬಟನ್‌ಗೇ ಹಾಕಿದ್ದೇನೆ.

ಮೊದಲ ಗ್ಯಾರೇಜಿಗೆ ಫೋನ್ ಮಾಡಿದೆ. “ಲೈಟ್ ಹೋಗಿತ್ತಲ್ವಾ ಮಾಷೇ” ಎಂದು ಇಟ್ಟುಬಿಟ್ಟ. ಇಲಿ ಕಡಿದ ವಯರಿನ ತುಂಡು ನನ್ನ ಹತ್ತಿರ ಇದೆ. ನಾಳೆ ಶಾಲೆ ಬಿಟ್ಟ ಮೇಲೆ ಅದನ್ನು ಅವನ ಮೇಜಿನ ಮೇಲಿಟ್ಟು 600 ರೂಪಾಯಿ ವಾಪಸ್ ಕೇಳುತ್ತೇನೆ.