ರಬ್ಬರಿಗೆ ಮುಂಚೆ ಪ್ಲಗ್ ನೋಡಿ

ದೋಣಿಯ ಹಿಂಬದಿಗೆ ತಗುಲಿಸುವ ಹಳೇ ಔಟ್‌ಬೋರ್ಡ್ ಎಂಜಿನ್ ನಡುಗಿದರೆ ಅದನ್ನು ಹಿಡಿದಿರುವ ಮೌಂಟ್‌ನ ರಬ್ಬರ್ ಬದಲಿಸಿ ಅಂತ ಬರೆದಿದ್ದೀರಿ. ಅರ್ಧ ಸರಿ. ನಮ್ಮ ದೋಣಿಯ ಎರಡು ಸಿಲಿಂಡರ್ ಎಂಜಿನ್ ಐಡಲ್‌ನಲ್ಲಿ, ಅಂದರೆ ನಿಂತಲ್ಲೇ ನಿಧಾನ ಓಡುವಾಗ, ಹಲ್ಲು ಕಟಕಟ ಅನ್ನುವಷ್ಟು ಅದುರುತ್ತಿತ್ತು. ಕೆಳಗಿನ ಮೌಂಟ್ ಬಿಚ್ಚಿದರೆ ರಬ್ಬರ್ ಎಣ್ಣೆ ಕುಡಿದು ಹಲಸಿನ ತೊಳೆಯ ಹಾಗೆ ಉಬ್ಬಿ, ಲೋಹದಿಂದ ಬಿಟ್ಟುಕೊಂಡಿತ್ತು. ಹೊಸದು ಹಾಕಿದೆವು, ನಡುಕ ತಗ್ಗಿತು, ಹೋಗಲಿಲ್ಲ. ಕೊನೆಗೆ ನೋಡಿದರೆ ಕಿಡಿ ಹೊತ್ತಿಸುವ ಪ್ಲಗ್‌ಗಳಲ್ಲಿ ಒಂದು ಒದ್ದೆ, ಆ ಸಿಲಿಂಡರ್ ಉರಿಯುತ್ತಲೇ ಇರಲಿಲ್ಲ! ವೇಗ ಏರಿದಂತೆ ನಡುಕವೂ ಏರಿದರೆ ಮೊದಲು ಪ್ರೊಪೆಲ್ಲರ್ ಬಾಗಿದೆಯಾ ನೋಡಿ.

ಅಂದಹಾಗೆ, 1909ರ ಎವಿನ್‌ರೂಡ್ ಔಟ್‌ಬೋರ್ಡ್ ಎಂಜಿನ್ ಒಂದೇ ಸಿಲಿಂಡರಿನದು, ನಡುಕ ಅದರ ಹುಟ್ಟುಗುಣ. 1920ರ ದಶಕದ ಜಾನ್ಸನ್ ಲೈಟ್ ಟ್ವಿನ್ ಎಂಬ ಎರಡು ಸಿಲಿಂಡರ್ ಎಂಜಿನ್‌ನಲ್ಲಿ ಪಿಸ್ಟನ್‌ಗಳು ಎದುರುಬದುರು; ಒಂದರ ಹೊಡೆತವನ್ನು ಇನ್ನೊಂದು ನುಂಗುತ್ತಿತ್ತು.