ಮಗುವಿಗೆ ಏರಿಯಾ ಹುಡುಕುವವರು ಮೊದಲು ಅಜ್ಜಿಯನ್ನು ಕೇಳಿ

ಬೆಂಗಳೂರಿನಲ್ಲಿ ಚಿಕ್ಕ ಮಕ್ಕಳಿರುವ ಗೆಳೆಯರು ಮನೆ ಹುಡುಕಲು ಹೊರಟರೆ ಕೇಳುವ ಪ್ರಶ್ನೆಗಳೆಲ್ಲ ಒಂದೇ ಥರ. ಹತ್ತಿರ ಯಾವ ಸ್ಕೂಲಿದೆ, ಸ್ವಿಮ್ಮಿಂಗ್ ಪೂಲ್ ಇದೆಯಾ, ಆಫೀಸಿಗೆ ಎಷ್ಟು ಹೊತ್ತು, ಮೆಟ್ರೋ ಯಾವಾಗ ಬರುತ್ತೆ. ಕೇಳಬೇಕಾದ್ದೇ. ಆದರೆ ಬೆಳಿಗ್ಗೆಯಿಂದ ಸಂಜೆ ಏಳರವರೆಗೆ ಆ ಮಗುವಿನ ಜೊತೆ ಇರುವವರು ಯಾರು, ಅವರಿಗೆ ಆ ಜಾಗ ಒಗ್ಗುತ್ತದಾ ಅಂತ ಯೋಚಿಸುವವರು ತೀರಾ ಕಡಿಮೆ. ನನಗೆ ಕೇಳಿದರೆ ಉಳಿದೆಲ್ಲಕ್ಕಿಂತ ಮೊದಲು ನೋಡಬೇಕಾದ್ದು ಅದನ್ನೇ.

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ನಮ್ಮಂಥವರ ಎಷ್ಟೋ ಮನೆಗಳಲ್ಲಿ ಮಗುವನ್ನು ನೋಡಿಕೊಳ್ಳುವುದು ಊರಿಂದ ಬಂದ ಅಜ್ಜಿ. ಹಾಸನದ ಕಡೆಯವರೋ ತಿಪಟೂರಿನ ಕಡೆಯವರೋ, ಎದ್ದರೆ ಅಂಗಳ, ಎದುರು ಮನೆಯವರ ಜೊತೆ ಎರಡು ಮಾತು, ಸಂಜೆ ದೇವಸ್ಥಾನ ಅಂತ ಬದುಕಿದವರು. ಅವರನ್ನು ಕರೆತಂದು ಹದಿನಾಲ್ಕನೇ ಮಹಡಿಯಲ್ಲಿ ಕೂರಿಸುತ್ತೇವೆ. ಹಾಲಿಗೆ ಆ್ಯಪ್, ಸೊಪ್ಪಿಗೆ ಆ್ಯಪ್, ಗೇಟಿನಲ್ಲಿ ಯಾರನ್ನಾದರೂ ಒಳಗೆ ಬಿಡಬೇಕಂದರೂ ಆ್ಯಪ್. ಲಿಫ್ಟಿನಲ್ಲಿ ಸಿಕ್ಕವರನ್ನು ಮಾತಾಡಿಸೋಣ ಅಂದರೆ ಭಾಷೆ ಗೊತ್ತಿಲ್ಲ. ನಮ್ಮ ಹತ್ತಿರದ ಸಂಬಂಧಿಕರೊಬ್ಬರ ಮನೆಯಲ್ಲಿ ಹೀಗೇ ಇದ್ದ ಅಜ್ಜಿಯೊಬ್ಬರು ನನ್ನ ಹತ್ತಿರ ಹೇಳಿದ್ದು: "ಎಲ್ಲಾ ಚೆನ್ನಾಗೈತೆ ಕಣವ್ವ, ಆದ್ರೆ ದಿನಕ್ಕೆ ಒಂದ್ಸಲನೂ ಯಾರೂ ನನ್ನ ಕೂಗಲ್ಲ." ಆ ಕಟ್ಟಡದ ಕೆಳಗೆ ಚೆಂದದ ಜಾರುಬಂಡೆ, ಉಯ್ಯಾಲೆ ಎಲ್ಲ ಇದ್ದವು. ಅಜ್ಜಿ ಕೆಳಗೆ ಇಳಿಯುತ್ತಿರಲಿಲ್ಲ, ಹಾಗಾಗಿ ಮಗುವೂ ಇಳಿಯುತ್ತಿರಲಿಲ್ಲ. ಅಜ್ಜಿಗೆ ಟಿವಿ, ಮಗುವಿಗೆ ಮೊಬೈಲು.

ನಾವಿರುವುದು ಯಲಹಂಕ ಉಪನಗರದಲ್ಲಿ. ಹೌಸಿಂಗ್ ಬೋರ್ಡ್ ಮಾಡಿದ ಬಡಾವಣೆ ಇದು, ಈಗಲೂ ಇಲ್ಲಿ ವಿಳಾಸ ಹೇಳುವಾಗ ಎಲ್‌ಐಜಿ, ಎಂಐಜಿ, ಎಚ್‌ಐಜಿ ಅನ್ನುತ್ತಾರೆ. ಕಡಿಮೆ ಆದಾಯದವರಿಗೆ, ಮಧ್ಯಮ ಆದಾಯದವರಿಗೆ, ಹೆಚ್ಚು ಆದಾಯದವರಿಗೆ ಅಂತ ಅಳತೆ ಬೇರೆ ಮಾಡಿ ಒಂದೇ ಬಡಾವಣೆಯಲ್ಲಿ ಕೊಟ್ಟರು. ನಮ್ಮ ಬೀದಿಯ ಬಾಗಿಲುಗಳೆಲ್ಲ ರಸ್ತೆಗೇ ತೆರೆಯುತ್ತವೆ. ನನ್ನ ಅಮ್ಮ ಸಂಜೆ ನನ್ನ ಮಗಳ ಕೈ ಹಿಡಿದು ಕೊತ್ತಂಬರಿ ಸೊಪ್ಪು ತರಲು ಹೊರಟರೆ ವಾಪಸ್ ಬರಲು ಒಂದು ಗಂಟೆ. ದಾರಿಯಲ್ಲಿ ಇಸ್ತ್ರಿ ಗಾಡಿಯವರ ಹತ್ತಿರ ನಿಲ್ಲಲೇಬೇಕು. ಅವರು ಪೆಟ್ಟಿಗೆ ಮುಚ್ಚಳ ತೆಗೆದು ಇದ್ದಿಲು ಹಾಕಿ ಬೀಸುವಾಗ ಕಿಡಿ ಹಾರುತ್ತದಲ್ಲ, ಅದನ್ನು ನೋಡದೆ ಮಗಳು ಅಲ್ಲಿಂದ ಕದಲುವುದಿಲ್ಲ. ಅಷ್ಟರಲ್ಲಿ ಪಕ್ಕದ ಕಟ್ಟೆಯ ಮೇಲೆ ಕೂತ ಹೆಂಗಸರ ಜೊತೆ ಅಮ್ಮನ ಮಂಡಿನೋವಿನ ಮಾತು ಒಂದು ಸುತ್ತು ಮುಗಿದಿರುತ್ತದೆ. ಅಂಗಡಿಯವರಿಗೆ ಮಗಳ ಹೆಸರು ಗೊತ್ತು. ಎಂದಾದರೂ ಒಬ್ಬಳೇ ಬಂದರೆ "ಏನ್ ಪುಟ್ಟಿ, ಅಜ್ಜಿ ಎಲ್ಲಿ?" ಅಂತ ಕೇಳುತ್ತಾರೆ. ಆ ಒಂದು ಪ್ರಶ್ನೆ ಕೇಳುವ ಜನ ಇದ್ದಾರೆ ಅನ್ನುವ ಧೈರ್ಯದಲ್ಲಿ ನಾನು ಆಫೀಸಿನಲ್ಲಿ ಕೂತಿರುತ್ತೇನೆ. ಯಾವ ಸಿಸಿಟಿವಿಯೂ ಅಂಥ ಧೈರ್ಯ ಕೊಡುವುದಿಲ್ಲ.

ನಮ್ಮ ಯಲಹಂಕದಲ್ಲಿ ಎಲ್ಲವೂ ಸರಿ ಇದೆ ಅಂತಲ್ಲ. 2021ರ ನವೆಂಬರ್‌ನಲ್ಲಿ ಒಮ್ಮೆ, 2024ರ ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಇಲ್ಲಿನ ಕೇಂದ್ರೀಯ ವಿಹಾರ ಅನ್ನುವ ಅಪಾರ್ಟ್‌ಮೆಂಟಿಗೆ ನೀರು ನುಗ್ಗಿ, ಜನರನ್ನು ದೋಣಿಯಲ್ಲಿ ಹೊರಗೆ ತರಬೇಕಾಯಿತು. ಕೆರೆ ತುಂಬಿದರೆ ನೀರು ಎಲ್ಲಿಗೆ ಹರಿಯುತ್ತದೆ ಅನ್ನುವುದನ್ನು ಮನೆ ನೋಡುವಾಗ ವಿಚಾರಿಸಲೇಬೇಕು. ಬ್ರೋಕರ್ ಹೇಳುವುದಿಲ್ಲ, ಹಾಲಿನ ಬೂತಿನವರು ಹೇಳುತ್ತಾರೆ. ಇಲ್ಲಿನ ವಾಯುನೆಲೆಯಲ್ಲಿ ಏರ್ ಶೋ ಬಂದಾಗಲಂತೂ ವಿಮಾನಗಳ ಸದ್ದಿಗೆ ಹಸುಗೂಸು ಇರುವ ಮನೆಯವರ ಪಾಡು ಬೇಡ. ದೊಡ್ಡ ಮಕ್ಕಳಿಗೆ ಮಾತ್ರ ಅದೇ ಹಬ್ಬ, ತಾರಸಿಯಿಂದ ಇಳಿಯುವುದೇ ಇಲ್ಲ.

ಹೊಸ ಬಡಾವಣೆಗಳ ಕಡೆ ಹೋಗುವವರಿಗೆ ಇನ್ನೊಂದು ಮಾತು. ನೀರು. ನಗರಕ್ಕೆ 2007ರಲ್ಲಿ ಸೇರಿದ 110 ಹಳ್ಳಿಗಳಿಗೆಂದು ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಅದೇ ವರ್ಷದ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದವರಿಗೆ ಆ ಕಷ್ಟ ಗೊತ್ತು. ನೀವು ನೋಡಿದ ಮನೆಗೆ ಕನೆಕ್ಷನ್ ಬಂದಿದೆಯೋ, ಪೈಪ್ ಮಾತ್ರ ಬಂದಿದೆಯೋ ಕೇಳಿ. ನೀರಿಲ್ಲದ ಮನೆಯಲ್ಲಿ ಟ್ಯಾಂಕರ್‌ನವರಿಗೆ ಫೋನ್ ಮಾಡುತ್ತಾ ಕೂರಬೇಕಾದವರೂ ಆ ಅಜ್ಜಿಯೇ.

ಫುಟ್‌ಪಾತ್ ವಿಷಯ ಬರೆಯುವಾಗ ಕೈ ತಡೆಯುತ್ತದೆ. 2023ರ ನವೆಂಬರ್‌ನಲ್ಲಿ ಕಾಡುಗೋಡಿ ಹತ್ತಿರ ಫುಟ್‌ಪಾತ್ ಮೇಲೆ ಬಿದ್ದಿದ್ದ ವಿದ್ಯುತ್ ತಂತಿ ತುಳಿದು ಒಬ್ಬ ತಾಯಿ ಮತ್ತು ಕಂಕುಳಲ್ಲಿದ್ದ ಒಂಬತ್ತು ತಿಂಗಳ ಮಗು ತೀರಿಕೊಂಡರು. ಅಂದಿನಿಂದ ನಾನು ಯಾರ ಮನೆ ನೋಡಲು ಹೋದರೂ ಒಳಗಿನ ಟೈಲ್ಸ್‌ಗಿಂತ ಮೊದಲು ಹೊರಗಿನ ಟ್ರಾನ್ಸ್‌ಫಾರ್ಮರ್, ಚರಂಡಿಯ ಚಪ್ಪಡಿ ನೋಡುತ್ತೇನೆ. ಮನೆ ಬಾಗಿಲಿನಿಂದ ಪಾರ್ಕಿನವರೆಗೆ ಮಗುವಿನ ಕೈ ಹಿಡಿದು ನಡೆದು ನೋಡಿ. ಎಷ್ಟು ಸಲ ರಸ್ತೆಗೆ ಇಳಿಯಬೇಕಾಯಿತು, ಎಷ್ಟು ಸಲ ಮಗುವನ್ನು ಎತ್ತಿಕೊಳ್ಳಬೇಕಾಯಿತು? ಅರವತ್ತು ದಾಟಿದ ಅಜ್ಜಿ ಅದೇ ದಾರಿಯಲ್ಲಿ ದಿನಾ ಹೋಗಬೇಕು.

ಶಾಲೆಗೂ ಇದೇ ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆಯ ಕೇಂದ್ರ ನಿಯಮಗಳಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಒಂದು ಕಿಲೋಮೀಟರ್ ನಡಿಗೆಯೊಳಗೆ ಶಾಲೆ ಇರಬೇಕು ಅಂತಿದೆ. ನಾವೇ ದುಡ್ಡು ಕೊಟ್ಟು ಐದು ವರ್ಷದ ಮಗುವನ್ನು ಒಂದು ಗಂಟೆ ವ್ಯಾನಿನಲ್ಲಿ ಕೂರಿಸುವುದು ನನಗೆ ಅರ್ಥವಾಗುವುದಿಲ್ಲ. ಹತ್ತಿರದಲ್ಲೊಂದು ಸುಮಾರಾದ ಶಾಲೆ ಸಿಕ್ಕರೆ ಸಾಕು, ಮೊದಲ ನಾಲ್ಕೈದು ವರ್ಷ ಅದೇ ಒಳ್ಳೆಯ ಶಾಲೆ.

ಅಪಾರ್ಟ್‌ಮೆಂಟೇ ಬೇಡ ಅನ್ನುವ ಹಟ ನನಗಿಲ್ಲ. ಸಂಜೆ ಕೆಳಗಿಳಿದು ಒಟ್ಟಿಗೆ ಕೂರುವ ಅಜ್ಜಿಯರ ಗುಂಪು ಇರುವ ಅಪಾರ್ಟ್‌ಮೆಂಟ್‌ಗಳನ್ನೂ ನೋಡಿದ್ದೇನೆ, ಅಲ್ಲಿ ಮಕ್ಕಳ ಗಲಾಟೆ ಗೇಟಿನವರೆಗೂ ಕೇಳುತ್ತದೆ. ಮನೆ ನೋಡಲು ಭಾನುವಾರ ಬೆಳಿಗ್ಗೆ ಹೋಗಬೇಡಿ. ವಾರದ ದಿನ ರಜೆ ಹಾಕಿ ಸಂಜೆ ಐದರ ಹೊತ್ತಿಗೆ ಹೋಗಿ, ಯಾರು ಹೊರಗಿದ್ದಾರೆ ನೋಡಿ. ಕೊಳ್ಳುವ ಮುಂಚೆ ಅದೇ ಏರಿಯಾದಲ್ಲಿ ಹನ್ನೊಂದು ತಿಂಗಳ ಕರಾರಿನ ಮೇಲೆ ಬಾಡಿಗೆಗೆ ಇರಿ, ಒಂದು ಬೇಸಿಗೆ ಒಂದು ಮಳೆಗಾಲ ಕಳೆಯಲಿ. ಅಮ್ಮನನ್ನೋ ಅತ್ತೆಯನ್ನೋ ಆಗಲೇ ಕರೆಸಿಕೊಳ್ಳಿ. ಬಂದ ಹದಿನೈದು ದಿನಕ್ಕೇ ಅವರು ಊರಿನ ಬಸ್ಸಿನ ಟೈಮ್ ಕೇಳಲು ಶುರು ಮಾಡಿದರೆ ಅಲ್ಲಿ ಅಡ್ವಾನ್ಸ್ ಕೊಡಬೇಡಿ.