ನೀರಿಲ್ಲದ ಮುಳುಗಡೆ

ಬಾಗಲಕೋಟೆಯವರಿಗೆ ಮುಳುಗಡೆ ಅಂದರೇನು ಅಂತ ಯಾರೂ ಪಾಠ ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರು ಬಂತು, ಊರು ಎದ್ದು ನವನಗರಕ್ಕೆ ಹೊರಟಿತು, ಓಣಿಯ ಹೆಸರು ಹೋಗಿ ಸೆಕ್ಟರ್ ನಂಬರ್ ಬಂತು. ಜಲಾಶಯದ ಮಟ್ಟ 519.6 ಮೀಟರಿನಿಂದ 524.256ಕ್ಕೆ ಏರಬೇಕು ಅನ್ನೋದು ಇಲ್ಲಿ ಮಗ್ಗಿ ಬಾರದ ಹುಡುಗನಿಗೂ ಬಾಯಿಪಾಠ. ಆದರೆ ನಮಗೂ ಹೊಸದಾದ ಒಂದು ಮುಳುಗಡೆ ಇದೆ. ಅದಕ್ಕೆ ನೀರು ಬೇಡ, ಡ್ಯಾಮೂ ಬೇಡ. ಒಂದು ಮುಚ್ಚಿದ ಗಿರಣಿ, ಅದಕ್ಕೊಂದು ಎತ್ತರದ ಚಿಮಣಿ, ಒಂದು ತ್ರೀಡಿ ವಿಡಿಯೊ ಇದ್ದರೆ ಸಾಕು.

ಅಂಥದೊಂದು ವಿಡಿಯೊ ನಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದಿದೆ. ನಮ್ಮ ಕಡೆಯದೇ ಒಂದು ಹಳೇ ಹತ್ತಿ ಗಿರಣಿ. ಅರಳೆಯಿಂದ ಬೀಜ ಬಿಡಿಸುವ ಜಿನ್ನು ನಿಂತು ಎಷ್ಟೋ ವರ್ಷ ಆಯಿತು, ತಗಡು ಕಳ್ಳರ ಪಾಲಾಯಿತು, ಒಳಗೆಲ್ಲ ಬಳ್ಳಾರಿ ಜಾಲಿ, ಮಧ್ಯಾಹ್ನದ ಹೊತ್ತು ಇಸ್ಪೀಟಿನವರ ಕಾರಭಾರ. ಇನ್ನು ಮೇಲೆ ಅಲ್ಲಿ ಮನೆ, ಆಫೀಸು, ಮಾಲು, ಹೋಟೆಲು ಎಲ್ಲ ಒಂದೇ ಕಾಂಪೌಂಡಿನೊಳಗೆ. ವಿಡಿಯೊದಲ್ಲಿ ಹಚ್ಚಹಸಿರು ಹುಲ್ಲು. ಹುಲ್ಲಿನ ಮೇಲೆ ಸ್ವೆಟರ್ ಹಾಕಿಕೊಂಡ ಜನ! ಬಾಗಲಕೋಟೆಯಲ್ಲಿ, ಸ್ವೆಟರ್! ಒಬ್ಬಳ ಕೈಯಲ್ಲಿ ಕಾಫಿ ಲೋಟ, ಇನ್ನೊಬ್ಬನ ಕೈಯಲ್ಲಿ ಕುದುರೆ ಗಾತ್ರದ ನಾಯಿ. ಹಿಂದೆ ಘಟಪ್ರಭೆ, ಬೇಸಿಗೆಯಲ್ಲೂ ದಂಡೆ ತನಕ ನೀಲಿ ನೀಲಿ. ಒಂದು ಹಂದಿ ಇಲ್ಲ, ಒಂದು ಟಂಟಂ ಇಲ್ಲ, ಒಂದು ಬೇವಿನ ಮರ ಕೂಡ ಇಲ್ಲ. ತಲೆ ಮೇಲೆ ಟವೆಲ್ ಹಾಕಿಕೊಂಡು ನೆರಳು ಹುಡುಕುವ ಒಬ್ಬ ಮನುಷ್ಯನಾದರೂ ಕಾಣಬೇಕಲ್ವಾ? ಇಲ್ಲ. ಇರುವುದು ಚಿಮಣಿ ಮಾತ್ರ. ಅದಕ್ಕೆ ಬುಡದಿಂದ ತುದಿ ತನಕ ಬಣ್ಣ ಬದಲಿಸುವ ಲೈಟು, ಥೇಟ್ ಜಾತ್ರೆಯ ಮಿಠಾಯಿ ಅಂಗಡಿ.

ಇದು ನಮ್ಮವರ ತಲೆಯಿಂದ ಬಂದದ್ದಲ್ಲ ಬಿಡಿ, ದೊಡ್ಡ ದೊಡ್ಡ ಊರುಗಳೇ ಹಾಕಿಕೊಟ್ಟ ದಾರಿ. ಲಂಡನ್ನಿನ ಬ್ಯಾಟರ್ಸೀ ಪವರ್ ಸ್ಟೇಷನ್ ನೋಡಿ. ಥೇಮ್ಸ್ ನದಿ ದಂಡೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ, ನಾಲ್ಕು ಚಿಮಣಿ. 1983ರಲ್ಲಿ ಬಂದ್ ಆಯಿತು. ಒಬ್ಬರು ಬಂದು ಥೀಮ್ ಪಾರ್ಕ್ ಮಾಡ್ತೀವಿ ಅಂತ ಸೂರು ಬಿಚ್ಚಿದರು, ಅಷ್ಟರಲ್ಲಿ ದುಡ್ಡು ಮುಗಿಯಿತು, 1989ರಲ್ಲಿ ಕೈಚೆಲ್ಲಿದರು. ಆಮೇಲೆ ಮಾಲೀಕರು ಬದಲಾದರು, ನಕ್ಷೆಗಳು ಬದಲಾದವು, ಸೂರು ಮಾತ್ರ ಬರಲಿಲ್ಲ. ಕೊನೆಗೆ 2012ರಲ್ಲಿ ಮಲೇಷ್ಯಾದವರು 40 ಕೋಟಿ ಪೌಂಡಿಗೆ ಕೊಂಡು, 2022ರ ಅಕ್ಟೋಬರಿನಲ್ಲಿ ಮಾಲು, ಮನೆ, ಆಫೀಸು ಅಂತ ಬಾಗಿಲು ತೆರೆದರು.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಚಿಮಣಿ ಕಥೆ. ಇವು ಪಾರಂಪರಿಕ, ಮುಟ್ಟಬಾರದು ಅಂತ ವರ್ಷಗಟ್ಟಲೆ ಜಗಳ ಆಯಿತಾ? ಆಮೇಲೆ ಪರೀಕ್ಷೆ ಮಾಡಿದರೆ ಕಾಂಕ್ರೀಟು ಹಾಳಾಗಿದೆ. ಸರಿ, ನಾಲ್ಕನ್ನೂ ಕೆಡವಿ, ನೋಡಲು ಅದೇ ಥರದ ನಾಲ್ಕು ಹೊಸ ಚಿಮಣಿ ಕಟ್ಟಿದರು. ಹೊಗೆ ಬಾರದ ಚಿಮಣಿ. ಒಂದರೊಳಗೆ ಗಾಜಿನ ಲಿಫ್ಟು, ಟಿಕೆಟ್ ತೆಗೆದುಕೊಂಡರೆ 109 ಮೀಟರ್ ಮೇಲಕ್ಕೆ ಒಯ್ದು ಊರು ತೋರಿಸುತ್ತದೆ. ಬಡವರ ಕೈಗೆಟಕುವ 636 ಮನೆ ಕೊಡ್ತೀವಿ ಅಂದಿದ್ದರು. 2017ರಲ್ಲಿ, ಖರ್ಚು ಜಾಸ್ತಿಯಾಯಿತು ಸ್ವಾಮಿ ಅಂತ ಅದನ್ನು 386ಕ್ಕೆ ಇಳಿಸಿದರು. ಗಮನಿಸಿ, ಖರ್ಚು ಜಾಸ್ತಿಯಾಯಿತು ಅಂತ ಚಿಮಣಿ ನಾಲ್ಕರಿಂದ ಎರಡಕ್ಕೆ ಇಳಿಯಲಿಲ್ಲ. 250 ಮನೆ ಕಡಿಮೆಯಾದರೆ ಫೋಟೊದಲ್ಲಿ ಕಾಣುವುದಿಲ್ಲ, ಚಿಮಣಿ ಕಡಿಮೆಯಾದರೆ ಕಾಣುತ್ತದೆ.

ಲಂಡನ್ ದೂರ ಆಯಿತು ಅನ್ನೋದಾದರೆ ಮುಂಬೈಗೆ ಬನ್ನಿ. ನಮ್ಮ ಕಡೆಯವರ ಮನಸ್ಸಿಗೆ ಅದು ಬೆಂಗಳೂರಿಗಿಂತ ಹತ್ತಿರದ ಊರು. 1982ರ ಜನವರಿಯಲ್ಲಿ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅನೇಕ ಗಿರಣಿಗಳ ಭೋಂಗಾ, ಅಂದರೆ ಕೆಲಸಕ್ಕೆ ಕರೆಯುವ ಸೈರನ್, ಆಮೇಲೆ ಮತ್ತೆ ಕೇಳಲೇ ಇಲ್ಲ. ಉಳಿದದ್ದು ಜಾಗ, ಅದೂ ಊರ ನಡುವಿನ ಪರೇಲ್‌ನಂಥ ಕಡೆ, ಎಕರೆಗಟ್ಟಲೆ. 1991ರಲ್ಲಿ ಒಂದು ನಿಯಮ ಬಂತು: ಗಿರಣಿ ಜಾಗ ಅಭಿವೃದ್ಧಿ ಮಾಡುವುದಾದರೆ ಮೂರರಲ್ಲಿ ಒಂದು ಪಾಲು ಮೈದಾನ-ಉದ್ಯಾನಕ್ಕೆ, ಒಂದು ಪಾಲು ಸರ್ಕಾರಿ ವಸತಿ ಯೋಜನೆಗೆ, ಉಳಿದದ್ದು ಮಾಲೀಕನಿಗೆ. ಓದಿದರೆ ಕಣ್ಣಲ್ಲಿ ನೀರು ಬರಬೇಕು, ಅಷ್ಟು ನ್ಯಾಯ. 2001ರಲ್ಲಿ ಅದೇ ನಿಯಮಕ್ಕೆ ಸಣ್ಣ ತಿದ್ದುಪಡಿ. ಪಾಲು ಮಾಡುವುದು ಪೂರ್ತಿ ಜಾಗವನ್ನಲ್ಲ, ಕಟ್ಟಡ ಇಲ್ಲದ ಖಾಲಿ ಜಾಗವನ್ನು ಮಾತ್ರ ಅಂತ. ಗಿರಣಿ ಅಂದರೆ ಬಹುಪಾಲು ಕಟ್ಟಡವೇ. ಹೀಗಾಗಿ ಊರಿನ ಪಾಲಿಗೆ ಸಿಕ್ಕಿದ್ದು ಅಂಗಳ. ಸುಪ್ರೀಂ ಕೋರ್ಟಿನ ತನಕ ಹೋಯಿತು, 2006ರಲ್ಲಿ ಕೋರ್ಟು ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಈಗ ಅಲ್ಲಿ ಮಾಲುಗಳಿವೆ, ಗಾಜಿನ ಗೋಪುರಗಳಿವೆ, ಹೆಸರಿನಲ್ಲಿ ಮಾತ್ರ ಇನ್ನೂ 'ಮಿಲ್ಸ್' ಉಳಿದಿದೆ. ಮನೆಗಾಗಿ ಅರ್ಜಿ ಹಾಕಿ ಕೂತ ಕಾರ್ಮಿಕರು ಮತ್ತು ವಾರಸುದಾರರು ಒಂದು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹಳ ಜನಕ್ಕೆ ಈಗ ಶೇಲು, ವಾಂಗಣಿ ಕಡೆ ಬೆರಳು ತೋರಿಸುತ್ತಿದ್ದಾರೆ. ಕರ್ಜತ್ ಲೈನಿನಲ್ಲಿ ಊರು ಮುಗಿದು ಎಷ್ಟೋ ಹೊತ್ತಿನ ಮೇಲೆ ಬರುವ ಸ್ಟೇಷನ್‌ಗಳು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಪುನರ್ವಸತಿ ಕೇಂದ್ರ.

ಬೆಂಗಳೂರಿನ ಮಾತು ಬೇಡವೇ ಬೇಡ. ಮಲ್ಲೇಶ್ವರದ ರಾಜಾ ಮಿಲ್ ಇದ್ದ ಜಾಗದಲ್ಲಿ ಮಾಲು, ಬಿನ್ನಿ ಮಿಲ್ ಇದ್ದ ಜಾಗದಲ್ಲಿ ಅಪಾರ್ಟ್‌ಮೆಂಟು. ನೇಯ್ದವರ ಮೊಮ್ಮಕ್ಕಳು ಅಲ್ಲೇ ಡಿಸ್ಕೌಂಟಿನಲ್ಲಿ ಜೀನ್ಸ್ ಕೊಳ್ಳಬಹುದು.

ಇದಕ್ಕೆ ಹೋಲಿಸಿದರೆ ನಮ್ಮ ನೀರಿನ ಮುಳುಗಡೆಯೇ ಮರ್ಯಾದಸ್ಥ. ಭೂಸ್ವಾಧೀನದ ಫೋರ್ ಒನ್ ನೋಟಿಫಿಕೇಶನ್ ಬರುತ್ತಿತ್ತು, ಸರ್ವೆಯವರು ಬಂದು ಗೋಡೆ ಅಳೆಯುತ್ತಿದ್ದರು, ಪರಿಹಾರ ಕಡಿಮೆಯಾಯಿತು ಅಂತ ಕೋರ್ಟಿಗೆ ಹೋಗಲು ವಕೀಲರೇ ಮನೆ ಹುಡುಕಿಕೊಂಡು ಬರುತ್ತಿದ್ದರು. ಮುಳುಗಿದವನಿಗೆ ಸಂತ್ರಸ್ತ ಅಂತ ಒಂದು ಸರ್ಟಿಫಿಕೇಟಾದರೂ ಇತ್ತು. ಗಿರಣಿ ಮುಳುಗಡೆಯಲ್ಲಿ ಅದೂ ಇಲ್ಲ, ಬ್ರೋಷರ್ ಇದೆ.

ನಮ್ಮ ಗಿರಣಿಯ ಬ್ರೋಷರ್ ಹಂಚಲು ಒಂದು ಸಭೆಯೂ ಆಯಿತು. ಎಸಿ ಹಾಲು, ಪ್ಲೇಟಿನಲ್ಲಿ ಗೋಡಂಬಿ ಬಿಸ್ಕತ್ತು. ಬೆಂಗಳೂರಿನಿಂದ ಬಂದ ಕನ್ಸಲ್ಟಂಟ್ ಹುಡುಗ, ಏನು ಬೇಕಾದರೂ ಕೇಳಿ ಅಂದ. ಜಿನ್ನಿನಲ್ಲಿ ದುಡಿದ ಒಬ್ಬ ಅಜ್ಜ ಎದ್ದು ನಿಂತ.

"ಸಾಹೇಬ್ರ, ಭೋಂಗಾ ಮತ್ತ ಹೊಡೀತೈತೇನ್ರಿ?"

"ಖಂಡಿತ ಅಂಕಲ್! ದಿನಾ ಸಂಜೆ ಏಳಕ್ಕೆ. ಹ್ಯಾಪಿ ಅವರ್ ಶುರು ಅಂತ."

"ಹಂಗಾದ್ರ ನಮ್ಮ ಗ್ರ್ಯಾಚುಟಿ?"

"ಅದು ಬೇರೆ ಡಿಪಾರ್ಟ್‌ಮೆಂಟ್ ಅಂಕಲ್. ನಿಮ್ಮ ಹತ್ರ ಆಗಿನ ಫೋಟೊ ಇದೆಯಾ? ಮಷೀನ್ ಮುಂದೆ ನಿಂತಿರೋದು? ಲಾಬಿಯಲ್ಲಿ ದೊಡ್ಡದಾಗಿ ಹಾಕ್ತೀವಿ."

"ಐತ್ರಿ, ಕೊಡ್ತೇನಿ. ನೋಡಾಕ ಬರಬೇಕಂದ್ರ ಒಳಗ ಬಿಡ್ತೀರಿ?"

ಹುಡುಗ ಮುಂದಿನ ಸ್ಲೈಡಿಗೆ ಹೋದ. ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು ಅಂತ ಹಿರಿಯರು ಹೇಳಿದ್ದು ಇಂಥ ಸ್ಲೈಡ್ ನೋಡಿಯೇ ಇರಬೇಕು.

ಮುಂದಿನ ಸ್ಲೈಡಿನಲ್ಲಿ ಇದ್ದದ್ದು ಮಿಕ್ಸ್ಡ್ ಯೂಸ್. ಕೆಳಗೆ ಅಂಗಡಿ, ಮೇಲೆ ಮನೆ, ಪಕ್ಕದಲ್ಲೇ ಕೆಲಸ, ಎಲ್ಲದಕ್ಕೂ ನಡೆದುಕೊಂಡೇ ಹೋಗಬಹುದು, ಜಗತ್ತಿನ ಹೊಸ ಚಿಂತನೆ ಅಂತ ಹುಡುಗ ಕಣ್ಣರಳಿಸಿ ಹೇಳಿದ. ಹಾಲಿನಲ್ಲಿದ್ದ ಹಳೇ ಊರಿನವರು ಮುಖ ಮುಖ ನೋಡಿಕೊಂಡರು. ಅವರ ಹಳೇ ಪೇಟೆಯೂ ಹಾಗೇ ಇತ್ತಲ್ಲ! ಮುಂದೆ ಅಂಗಡಿ, ಹಿಂದೆ ಮಗ್ಗ, ಅಟ್ಟದ ಮೇಲೆ ಸಂಸಾರ, ಕಟ್ಟೆ ಮೇಲೆ ಹರಟೆ. ಅಲ್ಲಿಂದ ಎಬ್ಬಿಸಿ, ಮನೆ ಅಂದರೆ ಮನೆ, ಅಂಗಡಿ ಅಂದರೆ ಅಂಗಡಿ, ಬೆರೆಸಬಾರದು ಅಂತ ಶಿಸ್ತು ಕಲಿಸಿದ್ದು ಯಾರು?

ನಮ್ಮ ಸೆಕ್ಟರಿನಲ್ಲಿ ಒಬ್ಬ ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾಳೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಶಾಂಪೂ ಪಾಕೀಟು. ವಾಸದ ಮನೆಯಲ್ಲಿ ವ್ಯಾಪಾರ ಮಾಡ್ತಿದ್ದೀರಿ ಅಂತ ಅವಳಿಗೆ ನೋಟಿಸು ಬಂದಿದೆ. ನೂರಾರು ಕೋಟಿ ಹಾಕಿ ಮಾಡಿದರೆ ಮಿಕ್ಸ್ಡ್ ಯೂಸ್, ಶೇಂಗಾ ಚಟ್ನಿ ಇಟ್ಟು ಮಾಡಿದರೆ ಉಲ್ಲಂಘನೆ. ಅದಕ್ಕೇ ನಾನೊಂದು ಉಪಾಯ ಹೇಳಿದೆ.

"ಅಕ್ಕಾ, ಛಾವಣಿ ಮೇಲೆ ಒಂದು ಸಿಮೆಂಟ್ ಪೈಪ್ ನಿಲ್ಲಿಸು. ಕೆಳಗೆ 'ಹೆರಿಟೇಜ್ ಚಿಮಣಿ' ಅಂತ ಬೋರ್ಡು ಹಾಕು. ಹಳೇದೇ ಆಗಿರಬೇಕು ಅಂತೇನಿಲ್ಲ, ಲಂಡನ್ನಿನಲ್ಲೇ ಹೊಸದು ನಡೆಯಿತು."

ಅಕ್ಕ ಚಟ್ನಿ ಪುಡಿ ತೂಗುತ್ತಲೇ ಕೇಳಿದಳು: "ಪೈಪ್ ಹಾಕಸ್ತೇನಿ ಬಿಡ್ರಿ. ಆದ್ರ ಅದಕ್ಕ ಲೈಟ್ ಹಚ್ಚಿದ್ರ ಮನೀ ಮೀಟರ್ ನಡೀತೈತೋ, ಕಮರ್ಷಿಯಲ್ ಮೀಟರ್ ತಗೋಬೇಕೋ?"